ಸೆರೆಮನೆಯ ನಂತರ ಬಂದ ಆಲ್ಬಂ: 'ಆಸ್ ಐ ಲೇ ಡೈಯಿಂಗ್' ಬ್ಯಾಂಡಿನ ಕಥೆ



ಈಚೆಗೆ ಒಂದು ಸಂಜೆ ಗಾನವೃಂದದ ಅಭ್ಯಾಸ ಮುಗಿಸಿ ವೈರುಗಳನ್ನು ಸುತ್ತಿಡುತ್ತಿದ್ದೆವು. ನಮ್ಮ ಡ್ರಮ್ಸ್ ಹುಡುಗ ಮೊಬೈಲನ್ನು ಸ್ಪೀಕರಿಗೆ ಸಿಕ್ಕಿಸಿ ಒಂದು ಹಾಡು ಹಾಕಿದ. ಮೊದಲು ಗಿಟಾರು, ಆಮೇಲೆ ಸಿಡಿಲು ಬಿದ್ದಂಥ ಡ್ರಮ್ಸು, ಅದರ ಮೇಲೆ ಗಂಟಲು ಹರಿದುಹೋಗುವ ಹಾಗೆ ಕೂಗುವ ಒಬ್ಬ ಮನುಷ್ಯ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಅವ್ವ ಒಬ್ಬರು ಗಾಬರಿಯಿಂದ ಒಳಗೆ ಬಂದು, "ಯಾಕಪಾ, ಯಾರಿಗರ ಏನರ ಆತೇನು?" ಎಂದು ಕೇಳಿದರು. "ಏನಿಲ್ಲವ್ವಾ, ಇದು ಹಾಡು" ಎಂದೆವು. ಅವರು ನಂಬಿದ ಹಾಗೆ ಕಾಣಲಿಲ್ಲ. ಹುಡುಗ ನನ್ನ ಕಡೆ ತಿರುಗಿ, "ಅಣ್ಣಾ, ಇದು ಕ್ರಿಶ್ಚಿಯನ್ ಬ್ಯಾಂಡು. ಆಸ್ ಐ ಲೇ ಡೈಯಿಂಗ್ ಅಂತ. ನಮ್ಮ ಯೂತ್ ಪ್ರೋಗ್ರಾಮಿನಲ್ಲಿ ಇದನ್ನು ಹಾಕಬಹುದಾ?" ಎಂದ.

ನಾನು ತಕ್ಷಣ ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಆ ಬ್ಯಾಂಡಿನ ಹಿಂದೆ ದೊಡ್ಡ ಕಥೆಯಿದೆ, ಅದನ್ನು ಚರ್ಚ್ ಬಾಗಿಲು ಹಾಕುವ ಹೊತ್ತಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಬರೆದು ಹೇಳುತ್ತೇನೆ ಎಂದಿದ್ದೆ. ಇದು ಆ ಬರಹ.

ಮೊದಲು ಈ ಸಂಗೀತ ಏನೆಂದು ಹಿರಿಯರಿಗಾಗಿ ಎರಡು ಮಾತು. ಇದಕ್ಕೆ ಮೆಟಲ್‌ಕೋರ್ ಎನ್ನುತ್ತಾರೆ. ಅಮೆರಿಕದಲ್ಲಿ 1980ರ ದಶಕದಲ್ಲಿ ಎರಡು ಬಗೆಯ ಗಡುಸು ಸಂಗೀತಗಳಿದ್ದವು. ಒಂದು ಹೆವಿ ಮೆಟಲ್: ದೊಡ್ಡ ವೇದಿಕೆ, ಉದ್ದ ಕೂದಲು, ಕೈಚಳಕದ ಗಿಟಾರ್. ಇನ್ನೊಂದು ಹಾರ್ಡ್‌ಕೋರ್ ಪಂಕ್: ಸಣ್ಣ ಹಾಲು, ಎರಡು ನಿಮಿಷದ ಹಾಡು, ಹಾಡುವವನಿಗೂ ಕೇಳುವವನಿಗೂ ನಡುವೆ ಅಂತರವೇ ಇಲ್ಲ. ನಮ್ಮ ಗಟ್ಟಿನಲ್ಲಿ, ಗದ್ವಾಲದಲ್ಲಿ ಮಗ್ಗದ ಮನೆಗಳನ್ನು ನೋಡಿದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಗದ್ವಾಲ ಸೀರೆಯಲ್ಲಿ ಒಡಲು ಹತ್ತಿಯದು, ಅಂಚು ಸೆರಗು ರೇಷ್ಮೆಯದು. ಎರಡನ್ನೂ ಮಗ್ಗದ ಮೇಲೇ ನೂಲಿಗೆ ನೂಲು ಕೊಂಡಿ ಹಾಕಿ ಹೆಣೆಯುತ್ತಾರೆ. ಮೆಟಲ್‌ಕೋರ್ ಕೂಡ ಅಂಥದೇ ಜೋಡಣೆ. ಒಡಲು ಹಾರ್ಡ್‌ಕೋರಿನದು, ಅಂಚು ಮೆಟಲಿನದು. 1990ರ ದಶಕದಲ್ಲಿ ಅರ್ಥ್ ಕ್ರೈಸಿಸ್, ಇಂಟೆಗ್ರಿಟಿ, ಕನ್ವರ್ಜ್‌ನಂಥ ಬ್ಯಾಂಡುಗಳು ಈ ನೇಯ್ಗೆಯನ್ನು ಗಟ್ಟಿ ಮಾಡಿದವು. 2002ರಲ್ಲಿ ಕಿಲ್‌ಸ್ವಿಚ್ ಎಂಗೇಜ್ ಬ್ಯಾಂಡಿನ 'ಅಲೈವ್ ಆರ್ ಜಸ್ಟ್ ಬ್ರೀದಿಂಗ್' ಬಂದ ಮೇಲೆ ಒಂದು ಮಾದರಿ ನಿಂತಿತು: ಚರಣದಲ್ಲಿ ಕೂಗು, ಪಲ್ಲವಿಯಲ್ಲಿ ಇಂಪಾದ ದನಿ, ಕೊನೆಯ ಹತ್ತಿರ ಲಯ ನಿಧಾನವಾಗಿ ಭಾರವಾಗುವ 'ಬ್ರೇಕ್‌ಡೌನ್'.

ಇದರಲ್ಲಿ ಕ್ರೈಸ್ತರು ಹೇಗೆ ಬಂದರು ಎನ್ನುವುದು ಕುತೂಹಲದ ಸಂಗತಿ. 1980ರ ದಶಕದಲ್ಲೇ ಸ್ಟ್ರೈಪರ್ ಎಂಬ ಬ್ಯಾಂಡು ಹಳದಿ-ಕಪ್ಪು ಪಟ್ಟೆಯ ಬಟ್ಟೆ ತೊಟ್ಟು, ವೇದಿಕೆಯಿಂದ ಜನರ ಕಡೆಗೆ ಬೈಬಲ್ ಪ್ರತಿಗಳನ್ನು ಎಸೆಯುತ್ತಿತ್ತು. ಇಲಿನಾಯ್ ರಾಜ್ಯದಲ್ಲಿ 1984ರಿಂದ 2012ರವರೆಗೆ ಕಾರ್ನರ್‌ಸ್ಟೋನ್ ಎಂಬ ಕ್ರೈಸ್ತ ಸಂಗೀತೋತ್ಸವ ನಡೆಯುತ್ತಿತ್ತು. ಡೇರೆ ಹಾಕಿಕೊಂಡು ದಿನಗಟ್ಟಲೆ ಅಲ್ಲೇ ಇರುತ್ತಿದ್ದ ಹುಡುಗರಿಗೆ ಭಜನೆಯೂ ಸಿಗುತ್ತಿತ್ತು, ಕೂಗಾಟವೂ ಸಿಗುತ್ತಿತ್ತು. 1993ರಲ್ಲಿ ಟೂತ್ ಅಂಡ್ ನೇಲ್ ಎಂಬ ಕಂಪನಿ, ಅದರ ಕೊಂಬೆಯಾಗಿ 1997ರಲ್ಲಿ ಸಾಲಿಡ್ ಸ್ಟೇಟ್ ಶುರುವಾದವು. ವೆಸ್ಟ್ ವರ್ಜೀನಿಯಾದಲ್ಲಿ ಹುಟ್ಟಿದ ಜಾವೋ ಬ್ಯಾಂಡು 1998ರಲ್ಲಿ ತಂದ ಆಲ್ಬಂ ಈ ದಾರಿಯ ಬಾಗಿಲು ತೆರೆಯಿತು. 2006ರಲ್ಲಿ ಅಂಡರ್‌ಓತ್ ಬ್ಯಾಂಡಿನ 'ಡಿಫೈನ್ ದ ಗ್ರೇಟ್ ಲೈನ್' ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇ ಬಂದು ಕೂತಿತು. ಚರ್ಚ್ ಹಾಲಿನಲ್ಲಿ ಶುರುವಾದ ಹುಡುಗರು ಅಷ್ಟು ಮೇಲೆ ಹೋಗಿದ್ದರು.

"ದೇವರಿಗೆ ಹಾಡುವವರು ಹೀಗೆ ಕೂಗುವುದು ಯಾಕೆ?" ಎಂದು ಆ ಅವ್ವ ಕೇಳಿದ್ದರೆ ನಾನು 88ನೇ ಕೀರ್ತನೆಯನ್ನು ತೋರಿಸುತ್ತಿದ್ದೆ. ಶುರುವಿನಿಂದ ಕೊನೆಯವರೆಗೆ ಕತ್ತಲೆಯಲ್ಲೇ ಇರುವ ಪ್ರಾರ್ಥನೆ ಅದು. ಬೈಬಲಿನಲ್ಲಿ ಅದಕ್ಕೆ ಜಾಗವಿದ್ದ ಮೇಲೆ ಇದಕ್ಕೂ ಸ್ವಲ್ಪ ಜಾಗ ಸಿಗಬೇಕು ಎಂಬುದು ನನ್ನ ಅಭಿಪ್ರಾಯ. ಹಾಗಂತ ಬಲಿಪೂಜೆಯಲ್ಲಿ ನುಡಿಸಬೇಕು ಎಂದು ಹೇಳುತ್ತಿಲ್ಲ, ಫಾದರ್ ಓದಿದರೆ ತಪ್ಪು ತಿಳಿಯಬಾರದು!

ಇನ್ನು ನಮ್ಮ ಬ್ಯಾಂಡಿನ ಕಥೆ. ಆಸ್ ಐ ಲೇ ಡೈಯಿಂಗ್ ಹುಟ್ಟಿದ್ದು 2000ನೇ ಇಸವಿಯಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ನಗರದಲ್ಲಿ. ಕಟ್ಟಿದವರು ಗಾಯಕ ಟಿಮ್ ಲ್ಯಾಂಬೆಸಿಸ್, ಡ್ರಮ್ಸ್ ನುಡಿಸುವ ಜೋರ್ಡನ್ ಮಾನ್ಸಿನೊ. ಹೆಸರು ವಿಲಿಯಂ ಫಾಕ್ನರ್ 1930ರಲ್ಲಿ ಬರೆದ ಕಾದಂಬರಿಯದು. 2003ರ 'ಫ್ರೇಲ್ ವರ್ಡ್ಸ್ ಕೊಲ್ಯಾಪ್ಸ್' ಅವರನ್ನು ಪರಿಚಯಿಸಿತು, 2005ರ 'ಶ್ಯಾಡೋಸ್ ಆರ್ ಸೆಕ್ಯುರಿಟಿ' ಹೆಸರು ತಂದಿತು, 2007ರ 'ಆ್ಯನ್ ಓಷನ್ ಬಿಟ್ವೀನ್ ಅಸ್' ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎಂಟನೇ ಸ್ಥಾನಕ್ಕೆ ಹೋಯಿತು. ಅದರ ಒಂದು ಹಾಡು ಗ್ರ್ಯಾಮಿ ಪ್ರಶಸ್ತಿಯ ಮೆಟಲ್ ವಿಭಾಗದಲ್ಲಿ ನಾಮನಿರ್ದೇಶನವನ್ನೂ ಪಡೆಯಿತು. ಅಷ್ಟರಲ್ಲಿ ಐವರ ತಂಡ ನಿಂತಿತ್ತು: ಟಿಮ್, ಜೋರ್ಡನ್, ಗಿಟಾರಿನಲ್ಲಿ ನಿಕ್ ಹಿಪಾ ಮತ್ತು ಫಿಲ್ ಸ್ಗ್ರೋಸೊ, ಬೇಸ್ ಗಿಟಾರ್ ಮತ್ತು ಇಂಪಾದ ಪಲ್ಲವಿಗಳಿಗೆ ಜೋಶ್ ಗಿಲ್ಬರ್ಟ್. ಇದೇ ಐವರು 2010ರಲ್ಲಿ ಒಂದು, 2012ರಲ್ಲಿ ಇನ್ನೊಂದು ಆಲ್ಬಂ ಮಾಡಿದರು. ಲೋಕವೆಲ್ಲ ಅವರನ್ನು ಕ್ರೈಸ್ತ ಬ್ಯಾಂಡು ಎಂದೇ ಕರೆಯುತ್ತಿತ್ತು. ಮಕ್ಕಳು ಇದನ್ನೇ ಕೇಳಲಿ, ಬೇರೆ ಕೆಟ್ಟದ್ದನ್ನು ಕೇಳದಿದ್ದರೆ ಸಾಕು ಎಂದು ಟೀಶರ್ಟ್ ಕೊಡಿಸಿದ ತಂದೆತಾಯಿಗಳು ಎಷ್ಟೋ.

2013ರ ಮೇ ತಿಂಗಳಲ್ಲಿ ಟಿಮ್ ಲ್ಯಾಂಬೆಸಿಸ್‌ನನ್ನು ಪೊಲೀಸರು ಬಂಧಿಸಿದರು. ಹೆಂಡತಿಯಿಂದ ಬೇರೆಯಾಗಿ ವಿಚ್ಛೇದನ ನಡೆಯುತ್ತಿದ್ದ ಕಾಲ. ಬಾಡಿಗೆ ಕೊಲೆಗಾರ ಎಂದು ನಂಬಿ ಅವನು ಭೇಟಿಯಾದ ವ್ಯಕ್ತಿ ಮಾರುವೇಷದ ಅಧಿಕಾರಿಯಾಗಿದ್ದ. ಅವನ ಕೈಗೆ ಟಿಮ್ 1,000 ಡಾಲರ್ ಇದ್ದ ಲಕೋಟೆ, ಹೆಂಡತಿಯ ಫೋಟೋ, ಮನೆಯ ವಿವರ ಕೊಟ್ಟಿದ್ದ. ಆಕೆ ಬದುಕಿದಳು, ಯಾಕೆಂದರೆ ಟಿಮ್ ಈ ಕೆಲಸಕ್ಕೆ ಜನ ಹುಡುಕುತ್ತಿದ್ದಾನೆಂದು ಅವನ ಪರಿಚಯದವನೊಬ್ಬ ಮೊದಲೇ ಪೊಲೀಸರಿಗೆ ತಿಳಿಸಿದ್ದ. ದೇಹ ಬೆಳೆಸಲು ತೆಗೆದುಕೊಂಡ ಸ್ಟೆರಾಯ್ಡ್‌ಗಳಿಂದ ಅವನ ಬುದ್ಧಿ ಕೆಟ್ಟಿತ್ತು ಎಂದು ವಕೀಲರು ವಾದಿಸಿದರು. 2014ರ ಫೆಬ್ರವರಿಯಲ್ಲಿ ಅವನು ತಪ್ಪೊಪ್ಪಿಕೊಂಡ, ಮೇ ತಿಂಗಳಲ್ಲಿ ಆರು ವರ್ಷದ ಶಿಕ್ಷೆಯಾಯಿತು. ಆಕೆಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಆಕೆ ವೇದಿಕೆಗೆ ಬಂದವಳಲ್ಲ.

ಶಿಕ್ಷೆಯ ಹೊತ್ತಿಗೆ ಒಂದು ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಟಿಮ್ ಇನ್ನೊಂದು ಮಾತು ಹೇಳಿದ. ತಾನು ನಂಬಿಕೆಯನ್ನು ಯಾವಾಗಲೋ ಕಳೆದುಕೊಂಡು ನಾಸ್ತಿಕನಾಗಿದ್ದೆ, ಆದರೂ ಕ್ರೈಸ್ತ ಬ್ಯಾಂಡು ಎಂಬ ಹೆಸರಿನಲ್ಲೇ ಮುಂದುವರಿದೆವು, ಜೊತೆಯಲ್ಲಿ ಪ್ರವಾಸ ಮಾಡಿದ ಹತ್ತು ಕ್ರೈಸ್ತ ಬ್ಯಾಂಡುಗಳಲ್ಲಿ ನಿಜವಾಗಿ ಕ್ರೈಸ್ತವಾಗಿದ್ದದ್ದು ಬಹುಶಃ ಒಂದು ಎಂದ. ಆ ಲೆಕ್ಕವನ್ನು ನಾನು ಪೂರ್ತಿ ನಂಬುವುದಿಲ್ಲ. ಬಿದ್ದವನಿಗೆ ಎಲ್ಲರೂ ಬಿದ್ದ ಹಾಗೇ ಕಾಣುತ್ತದೆ. ಆದರೆ ಒಂದು ಹೆಸರಿನ ಚೀಟಿಯನ್ನು ನಂಬಿ ಟೀಶರ್ಟ್ ಕೊಂಡ ಹುಡುಗರಿಗೆ ಅದು ದೊಡ್ಡ ಪೆಟ್ಟು. ಅಪರಾಧಕ್ಕಿಂತ ಈ ಮಾತೇ ಹೆಚ್ಚು ನೋಯಿಸಿತು ಎಂದು ಹೇಳುವವರನ್ನು ಕಂಡಿದ್ದೇನೆ. ನನಗೆ ಅದು ಸರಿಯೆನ್ನಿಸುವುದಿಲ್ಲ. ಒಬ್ಬ ಹೆಣ್ಣುಮಗಳ ಜೀವಕ್ಕಿಂತ ನಮ್ಮ ಟೀಶರ್ಟ್ ದೊಡ್ಡದಾಗಬಾರದು.

ಉಳಿದ ನಾಲ್ವರಿಗೆ ಕೆಲಸವೂ ಇಲ್ಲ, ಹೆಸರೂ ಇಲ್ಲ ಎಂಬಂತಾಯಿತು. ಅವರು ಶೇನ್ ಬ್ಲೇ ಎಂಬ ಗಾಯಕನನ್ನು ಸೇರಿಸಿಕೊಂಡು ವೋವನ್‌ವಾರ್ ಎಂಬ ಹೊಸ ಬ್ಯಾಂಡು ಕಟ್ಟಿದರು. 2014ರಲ್ಲಿ ಒಂದು, 2016ರಲ್ಲಿ ಒಂದು, ಎರಡು ಆಲ್ಬಂ ಬಂದವು. ಎರಡೂ ಚೆನ್ನಾಗಿವೆ, ಕೇಳಿದವರು ಮಾತ್ರ ಕಡಿಮೆ. ತಪ್ಪು ಮಾಡದ ನಾಲ್ವರ ಈ ದುಡಿಮೆಯನ್ನು ಜನ ಬೇಗ ಮರೆತರು.

2016ರ ಡಿಸೆಂಬರಿನಲ್ಲಿ ಟಿಮ್ ಪೆರೋಲ್ ಮೇಲೆ ಹೊರಗೆ ಬಂದ. ಒಂದು ವರ್ಷ ಸುಮ್ಮನಿದ್ದು, 2017ರ ಡಿಸೆಂಬರಿನಲ್ಲಿ ಬ್ಯಾಂಡಿನ ಫೇಸ್‌ಬುಕ್ ಪುಟದಲ್ಲಿ ಎಲ್ಲರೆದುರು ಕ್ಷಮೆ ಕೇಳಿದ. 2018ರ ಜೂನ್‌ನಲ್ಲಿ 'ಮೈ ಓನ್ ಗ್ರೇವ್' ಎಂಬ ಹಾಡು ಬಂತು. ವಿಡಿಯೋದಲ್ಲಿ ಯಾರಿದ್ದಾರೆ ಎಂದು ನೋಡಿದವರಿಗೆ ಆಶ್ಚರ್ಯ: ಹಳೆಯ ಐವರೂ ಇದ್ದರು. ಅದೇ ತಿಂಗಳು ಸ್ವಂತ ಊರಾದ ಸ್ಯಾನ್ ಡಿಯೇಗೊದಲ್ಲಿ ಒಟ್ಟಿಗೆ ವೇದಿಕೆ ಹತ್ತಿದರು. ಐವರೂ ಕೂತು ಮಾತಾಡಿಕೊಂಡ ಒಂದು ವಿಡಿಯೋವನ್ನೂ ಹೊರಗೆ ಬಿಟ್ಟರು. ನಾವು ಹೇಗೆ ರಾಜಿಯಾದೆವು ಎಂದು ಕೇಳುವವರಿಗೆ ಅದು ಅವರ ಉತ್ತರ. 2019ರ ಸೆಪ್ಟೆಂಬರ್ 20ರಂದು ನ್ಯೂಕ್ಲಿಯರ್ ಬ್ಲಾಸ್ಟ್ ಕಂಪನಿಯಿಂದ 'ಶೇಪ್ಡ್ ಬೈ ಫೈರ್' ಬಿಡುಗಡೆಯಾಯಿತು. ಏಳು ವರ್ಷದ ನಂತರದ ಆಲ್ಬಂ, ಒಟ್ಟು ಹನ್ನೆರಡು ಟ್ರ್ಯಾಕು. ನಮ್ಮ ಹುಡುಗ ಸ್ಪೀಕರಿನಲ್ಲಿ ಹಾಕಿದ್ದು ಇದರದ್ದೇ ಹಾಡು.

ಈಗ ಆಲ್ಬಂ ಹೇಗಿದೆ? ಸಂಗೀತವಾಗಿ ನೋಡಿದರೆ, ಚೆನ್ನಾಗಿದೆ. ಬಹಳ ಚೆನ್ನಾಗಿದೆ ಎಂದರೂ ತಪ್ಪಿಲ್ಲ. 'ಬರ್ನ್ ಟು ಎಮರ್ಜ್' ಎಂಬ ಸಣ್ಣ ಪೀಠಿಕೆ ಮೆಲ್ಲಗೆ ಏರಿ 'ಬ್ಲೈಂಡೆಡ್' ಹಾಡಿಗೆ ಬಾಗಿಲು ತೆಗೆಯುತ್ತದೆ, ಅಲ್ಲಿಂದ ಆಚೆ ಉಸಿರಾಡಲು ಬಿಡುವುದಿಲ್ಲ. ನಿಕ್ ಮತ್ತು ಫಿಲ್ ಇಬ್ಬರ ಗಿಟಾರುಗಳು ಒಂದನ್ನೊಂದು ಕೇಳಿಸಿಕೊಂಡು ನುಡಿಯುತ್ತವೆ. ಒಬ್ಬರು ರಾಗ ಹಿಡಿದರೆ ಇನ್ನೊಬ್ಬರು ಅದಕ್ಕೆ ನೆಲ ಹಾಕುತ್ತಾರೆ. ಗಾನವೃಂದದಲ್ಲಿ ಎರಡು ಗಿಟಾರ್ ಇದ್ದರೆ ಇಬ್ಬರೂ ಒಂದೇ ಕಾರ್ಡನ್ನು ಜೋರಾಗಿ ಬಾರಿಸುವ ನಮ್ಮ ಅಭ್ಯಾಸಕ್ಕೆ ಇದು ಒಳ್ಳೆಯ ಪಾಠ. ಜೋರ್ಡನ್ನನ ಡ್ರಮ್ಸ್ ವೇಗವಾಗಿದ್ದರೂ ಎಲ್ಲಿಯೂ ಗಲಿಬಿಲಿಯಾಗುವುದಿಲ್ಲ. ನನ್ನ ಮಟ್ಟಿಗೆ ಈ ಆಲ್ಬಂನ ಜೀವ ಜೋಶ್ ಗಿಲ್ಬರ್ಟ್‌ನ ದನಿ. ಕೂಗಿನ ನಡುವೆ ಅದು ಬಂದಾಗ ಬಿಸಿಲಲ್ಲಿ ನಡೆದವನಿಗೆ ಬೇವಿನ ನೆರಳು ಸಿಕ್ಕ ಹಾಗೆ. 'ಅಂಡರ್‌ಟೋ', 'ಟಾರ್ನ್ ಬಿಟ್ವೀನ್' ಎರಡನ್ನೂ ಕೇಳಿ ನೋಡಿ, ತಿಳಿಯುತ್ತದೆ. 'ರೀಡಿಫೈನ್ಡ್' ಹಾಡಿನಲ್ಲಿ ಆಗಸ್ಟ್ ಬರ್ನ್ಸ್ ರೆಡ್ ಬ್ಯಾಂಡಿನ ಜೇಕ್ ಲೂರ್ಸ್ ಬಂದು ಟಿಮ್ ಜೊತೆ ಕೂಗುತ್ತಾನೆ. ಕ್ರೈಸ್ತ ಮೆಟಲ್‌ಕೋರಿನ ಇನ್ನೊಂದು ಹಳೆಯ ತಂಡದ ಗಾಯಕ ಪಕ್ಕಕ್ಕೆ ಬಂದು ನಿಂತದ್ದು ಸಣ್ಣ ಮಾತಲ್ಲ. ಹಲವರು ಆಗ ದೂರ ಸರಿದಿದ್ದರು.

ಕೊರತೆಗಳೂ ಇವೆ. ಮೊದಲನೆಯದಾಗಿ, ಇದು 2007ರ ಅಚ್ಚಿನಲ್ಲೇ ಎರಕ ಹೊಯ್ದ ಆಲ್ಬಂ. ಕೂಗಿನ ಚರಣ, ಇಂಪಿನ ಪಲ್ಲವಿ, ಬ್ರೇಕ್‌ಡೌನ್, ಮತ್ತೆ ಪಲ್ಲವಿ. ಏಳನೇ ಹಾಡಿನ ಹೊತ್ತಿಗೆ ಮುಂದೇನು ಬರುತ್ತದೆ ಎಂದು ಬೆರಳೆಣಿಸಿ ಹೇಳಬಹುದು. ಧ್ವನಿಮುದ್ರಣ ಎಷ್ಟು ನುಣುಪಾಗಿದೆ ಎಂದರೆ ಹಳೆಯ ಆಲ್ಬಂಗಳಲ್ಲಿದ್ದ ಒರಟುತನ, ಒಂದು ಕೋಣೆಯಲ್ಲಿ ಐವರು ಬೆವರು ಸುರಿಸಿ ನುಡಿಸುತ್ತಿದ್ದಾರೆ ಎಂಬ ಭಾವ ಇಲ್ಲಿ ಸಿಗುವುದಿಲ್ಲ. ಅದೇ ಸೀರೆ, ಅದೇ ಅಂಚು, ಪಾಲಿಶ್ ಮಾತ್ರ ಹೊಸದು. ಮರಳಿ ಬಂದ ಬ್ಯಾಂಡಿಗೆ ಹಳೆಯ ಅಭಿಮಾನಿಗಳನ್ನು ಸಮಾಧಾನ ಮಾಡುವ ಒತ್ತಡವಿರುತ್ತದೆ, ಒಪ್ಪುತ್ತೇನೆ. ಆದರೂ ಏಳು ವರ್ಷ, ಸೆರೆಮನೆ, ಮುರಿದ ಸ್ನೇಹ ಇಷ್ಟೆಲ್ಲ ದಾಟಿ ಬಂದವರ ಸಂಗೀತದಲ್ಲಿ ಒಂದಾದರೂ ಹೊಸ ತಿರುವು ಇರಬೇಕಿತ್ತು.

ಎರಡನೆಯ ಕೊರತೆ ಸಾಹಿತ್ಯದಲ್ಲಿದೆ, ಅದೇ ನನ್ನನ್ನು ಹೆಚ್ಚು ಕಾಡಿದ್ದು. ಹಾಡುಗಳೆಲ್ಲ ಬಿದ್ದು ಎದ್ದವನ ಮಾತು. ಬೆಂಕಿ, ಬೂದಿ, ಭಾರ, ಪ್ರವಾಹ, ತಾನೇ ತೋಡಿಕೊಂಡ ಗುಂಡಿ. ತಪ್ಪನ್ನು ಬೇರೆಯವರ ಮೇಲೆ ಹಾಕುವುದಿಲ್ಲ, ಅದು ಮೆಚ್ಚಬೇಕಾದದ್ದು. ಆದರೆ ಹನ್ನೆರಡು ಟ್ರ್ಯಾಕುಗಳಲ್ಲಿ ಮತ್ತೆ ಮತ್ತೆ ಬರುವುದು 'ನಾನು'. ನನ್ನ ನೋವು, ನನ್ನ ಕುಸಿತ, ನನ್ನ ಹೊಸ ಹುಟ್ಟು. ಯಾರನ್ನು ಕೊಲ್ಲಿಸಲು ಹೊರಟಿದ್ದನೋ ಅವಳಿಗೆ ಈ ಹಾಡುಗಳಲ್ಲಿ ಜಾಗ ಕಾಣುವುದಿಲ್ಲ. ಕಥೆ ಗೊತ್ತಿಲ್ಲದ ನಮ್ಮ ಹುಡುಗನಂಥವನು ಕೇಳಿದರೆ, ಯಾರೋ ಕಾಯಿಲೆಯಿಂದಲೋ ಸಾಲದಿಂದಲೋ ಹೊರಬಂದು ಹಾಡಿದ್ದಾರೆ ಎಂದುಕೊಳ್ಳಬಹುದು. ಬೆಂಕಿ ಎಲ್ಲಿಂದಲೋ ಬಂದು ತನ್ನನ್ನು ಸುಟ್ಟಿತು ಎಂಬ ಧಾಟಿ. ಹಚ್ಚಿದ ಕೈ ತನ್ನದೇ ಎಂಬುದು ಮಸುಕಾಗುತ್ತದೆ.

ಇಲ್ಲಿ ನನಗೆ ದಾವೀದನ ನೆನಪಾಗುತ್ತದೆ. ಅವನೂ ಹಾಡುಗಾರ, ಅವನೂ ಒಬ್ಬನ ಸಾವನ್ನು ಏರ್ಪಾಡು ಮಾಡಿದವನು. ಇವನ ಏರ್ಪಾಡು ಸಿಕ್ಕಿಬಿತ್ತು, ದಾವೀದನದು ನಡೆದೇಹೋಯಿತು. ಊರೀಯ ರಣರಂಗದಲ್ಲಿ ಸತ್ತ. ಪ್ರವಾದಿ ನಾತಾನ ಎದುರಿಗೆ ನಿಂತು ಹೇಳಿದ ಮೇಲೆ ಬಂದದ್ದು 51ನೇ ಕೀರ್ತನೆ, ತಪಸ್ಸುಕಾಲದಲ್ಲಿ ನಾವೆಲ್ಲ ಹಾಡುವುದು. ಅದರಲ್ಲೂ 'ನಾನು' ತುಂಬಾ ಇದೆ, ಊರೀಯನ ಹೆಸರು ಸಾಲುಗಳ ಒಳಗಿಲ್ಲ ಎಂದು ನೀವು ವಾದಿಸಬಹುದು. ಯುವಕರ ಕೂಟದಲ್ಲಿ ಒಬ್ಬ ತಂಗಿ ಇದನ್ನೇ ಕೇಳಿದ್ದಳು, ಒಳ್ಳೆಯ ಪ್ರಶ್ನೆ. ಆದರೆ ಆ ಕೀರ್ತನೆಯ ತಲೆಬರಹ ನೋಡಿ: ಯಾವ ಪಾಪದ ನಂತರ, ಯಾರು ಬಂದು ಹೇಳಿದ ಮೇಲೆ ಹಾಡಿದ್ದು ಎಂದು ಅಲ್ಲೇ ಬರೆದಿಟ್ಟಿದ್ದಾರೆ. ಹಾಡನ್ನು ಆ ಕೃತ್ಯದಿಂದ ಬಿಡಿಸಿ ಹಾಡಲು ಬರುವುದಿಲ್ಲ. ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯಕ್ಕೆ ಬನ್ನಿ. ಯೇಸುವಿನ ವಂಶಾವಳಿಯಲ್ಲಿ ಸೊಲೊಮೋನನ ತಾಯಿಯನ್ನು ಹೇಳುವಾಗ ಮತ್ತಾಯ ಬತ್ಷೆಬೆ ಎಂದು ಬರೆಯುವುದಿಲ್ಲ, ಊರೀಯನ ಹೆಸರು ಹಿಡಿದು ಅವನ ಹೆಂಡತಿ ಎಂದು ಬರೆಯುತ್ತಾನೆ. ರಾಜ ಕ್ಷಮೆ ಪಡೆದು ಎಷ್ಟೋ ತಲೆಮಾರು ಕಳೆದರೂ ಸತ್ತವನ ಹೆಸರನ್ನು ಅಳಿಸಲಿಲ್ಲ. ಜಕ್ಕಾಯನೂ ಅಷ್ಟೇ. ಮರದಿಂದ ಇಳಿದವನು ತನ್ನ ಸಂತೋಷದ ಬಗ್ಗೆ ಭಾಷಣ ಮಾಡಲಿಲ್ಲ; ಯಾರಿಗೆ ಮೋಸ ಮಾಡಿದ್ದೆನೋ ಅವರಿಗೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ.

ಆ ಹೆಣ್ಣುಮಗಳ ಹೆಸರನ್ನು ಟಿಮ್ ಹಾಡಿನಲ್ಲಿ ಎಳೆದು ತರಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಹಾಗೆ ಮಾಡಿದ್ದರೆ ಅದು ಇನ್ನೊಂದು ಹಿಂಸೆ. ಬಹುಶಃ ಸುಮ್ಮನಿರುವುದೇ ಅವಳಿಗೆ ಕೊಡಬಹುದಾದ ಗೌರವ ಎಂದು ಅವನು ಯೋಚಿಸಿರಲೂಬಹುದು. ಆದರೆ ಅವಳ ಬಗ್ಗೆ ಸುಮ್ಮನಿದ್ದು ತನ್ನ ಪುನರ್ಜನ್ಮದ ಬಗ್ಗೆ ಮಾತ್ರ ಅಷ್ಟು ಜೋರಾಗಿ ಕೂಗುವುದು ಕೇಳುವವನಿಗೆ ಒಪ್ಪವಾಗಿ ಕಾಣುವುದಿಲ್ಲ.

ಇದೇ ಕಾಲದಲ್ಲಿ ಅಂಡರ್‌ಓತ್ ಕೂಡ ಮರಳಿ ಬಂದಿತ್ತು. 2013ರಲ್ಲಿ ನಿಲ್ಲಿಸಿದ್ದ ಬ್ಯಾಂಡು, 2018ರ ಏಪ್ರಿಲ್‌ನಲ್ಲಿ 'ಇರೇಸ್ ಮಿ' ಎಂಬ ಆಲ್ಬಂ ತಂದಿತು. ನಾವಿನ್ನು ಕ್ರೈಸ್ತ ಬ್ಯಾಂಡು ಅಲ್ಲ ಎಂದು ನೇರವಾಗಿ ಹೇಳಿಬಿಟ್ಟರು. ಓದಿ ನನಗೆ ಬೇಸರವಾಯಿತು; ಅವರ ಹಳೆಯ ಹಾಡುಗಳು ನನ್ನ ಕಾಲೇಜಿನ ದಿನಗಳಲ್ಲಿ ನನ್ನನ್ನು ಎಷ್ಟೋ ರಾತ್ರಿ ಕಾಪಾಡಿದ್ದವು. ಆದರೂ ಅವರು ನಮ್ಮ ಹಣ ತೆಗೆದುಕೊಂಡು ಸುಳ್ಳು ಚೀಟಿ ಅಂಟಿಸಿಕೊಂಡು ಉಳಿಯಲಿಲ್ಲ. ಸಂಗೀತದಲ್ಲಿಯೂ ಹೊಸದನ್ನು ಪ್ರಯತ್ನಿಸಿದರು, ಹಳೆಯ ಅಭಿಮಾನಿಗಳಲ್ಲಿ ಹಲವರಿಗೆ ಅದು ರುಚಿಸಲಿಲ್ಲ. ಎರಡು ಆಲ್ಬಂಗಳನ್ನು ಪಕ್ಕಪಕ್ಕ ಇಟ್ಟರೆ ಹಾಡುಗಳು 'ಶೇಪ್ಡ್ ಬೈ ಫೈರ್'ನಲ್ಲಿಯೇ ಚೆನ್ನಾಗಿವೆ, ಧೈರ್ಯ 'ಇರೇಸ್ ಮಿ'ಯಲ್ಲಿದೆ.

ಮುಂದಿನದನ್ನು ಬೇಗ ಹೇಳುತ್ತೇನೆ. ರಾಜಿಯಾಗಿದ್ದ ಐವರು ಹೆಚ್ಚು ದಿನ ಒಟ್ಟಿಗೆ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ನಿಕ್ ಹಿಪಾ ಹೊರಟ, ಆಮೇಲೆ ಜೋಶ್ ಗಿಲ್ಬರ್ಟ್, ಬ್ಯಾಂಡು ಕಟ್ಟಿದ ಜೋರ್ಡನ್ ಮಾನ್ಸಿನೊ ಕೂಡ. ಬದಲಿಗೆ ಹೊಸಬರು ಬಂದರು. 2024ರ ನವೆಂಬರಿನಲ್ಲಿ 'ಥ್ರೂ ಸ್ಟಾರ್ಮ್ಸ್ ಅಹೆಡ್' ಎಂಬ ಮುಂದಿನ ಆಲ್ಬಂ ಬಂತು. ಅದು ಅಂಗಡಿಗೆ ಬರುವ ಕೆಲವೇ ವಾರ ಮೊದಲು ಆ ಹೊಸಬರೂ, ಹಳೆಯ ಗಿಟಾರ್ ವಾದಕ ಫಿಲ್ ಸ್ಗ್ರೋಸೊನೂ ಒಬ್ಬರ ಹಿಂದೆ ಒಬ್ಬರು ಬಿಟ್ಟು ಹೋದರು. ಆಲ್ಬಂ ಬಿಡುಗಡೆಯಾದಾಗ ಅದನ್ನು ನುಡಿಸಿದವರಲ್ಲಿ ಬ್ಯಾಂಡಿನಲ್ಲಿ ಉಳಿದವನು ಟಿಮ್ ಒಬ್ಬನೇ. 2019ರ ಆಲ್ಬಂ ಅನ್ನು ಈಗ ಕೇಳುವಾಗ ಇದೂ ಜೊತೆಗೆ ಕೇಳಿಸುತ್ತದೆ. ಅಲ್ಲಿ ಐವರು ಒಟ್ಟಾಗಿ ನುಡಿಸಿದ್ದು ಸುಳ್ಳಲ್ಲ. ಅವರಲ್ಲಿ ನಾಲ್ವರು ತಮ್ಮ ಹೆಸರನ್ನು ಪಣಕ್ಕಿಟ್ಟು ಒಬ್ಬನಿಗೆ ಎರಡನೆಯ ಅವಕಾಶ ಕೊಟ್ಟಿದ್ದರು. ಅಷ್ಟು ದೊಡ್ಡ ಕೆಲಸವನ್ನು ಮಾಡಿದವರ ಬಗ್ಗೆ ಆಲ್ಬಂನ ವಿಮರ್ಶೆಗಳಲ್ಲಿ ಹೆಚ್ಚಿನ ಮಾತಿಲ್ಲ.

ನಮ್ಮ ಡ್ರಮ್ಸ್ ಹುಡುಗನಿಗೆ ಈ ಕಥೆಯೆಲ್ಲ ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಣ್ಣಾ, ಹಂಗಾರ ಕೇಳಬಾರದೇನು?" ಎಂದ. ಕೇಳು, ಆದರೆ ಪ್ರೋಗ್ರಾಮಿನಲ್ಲಿ ಹಾಕುವುದಾದರೆ ಮೊದಲು ಹತ್ತು ನಿಮಿಷ ಎಲ್ಲರಿಗೂ ಈ ಕಥೆ ನೀನೇ ಹೇಳಬೇಕು, ಹೆಣ್ಣುಮಕ್ಕಳೂ ಕೂತಿರುತ್ತಾರೆ, ಅವರು ಏನೆನ್ನುತ್ತಾರೆ ಕೇಳಿಸಿಕೊಂಡು ಆಮೇಲೆ ಹಾಡು ಎಂದೆ. ಒಪ್ಪಿಕೊಂಡಿದ್ದಾನೆ. ಯಾವ ಹಾಡು ಎಂದು ಇನ್ನೂ ತೀರ್ಮಾನವಾಗಿಲ್ಲ. ಅವನಿಗೆ 'ಬ್ಲೈಂಡೆಡ್' ಬೇಕು, ನಾನು ವೋವನ್‌ವಾರ್‌ನ ಒಂದು ಹಾಡು ಹಾಕೋಣ ಎನ್ನುತ್ತಿದ್ದೇನೆ.